ಎಣ್ಣೆ ಸೋರುವ ಹಳೇ ಯೆಜ್ಡಿ



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇನ್ನೂ ಓಡ್ತಿವೆ. ನಿಮ್ಮ ಮನೆಯಲ್ಲೂ ಒಂದು ಇರಬಹುದು.

ಬೈಕು ನಿಂತ ಜಾಗದಲ್ಲಿ ಎಣ್ಣೆ ಕಲೆ ಇದೆಯಾ? ಇಂಜಿನ್ ತಳದ ಬೋಲ್ಟು ನೋಡಿ. ಹಳೇ ಗೇರ್ ಎಣ್ಣೆ ಇಳಿಸೋದು ಅಲ್ಲಿಂದಲೇ. ಇಂಜಿನ್ ಹೊರಮೈ ಅಲ್ಯೂಮಿನಿಯಂ. ನಮ್ಮ ಅನ್ನದ ಪಾತ್ರೆ ಹಾಗೇ ಮೆತ್ತಗೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ತೂತಿನೊಳಗಿನ ಸುರುಳಿ ಗೆರೆ, ಅಂದರೆ ಥ್ರೆಡ್, ಕಿತ್ತುಹೋಗುತ್ತೆ. ಕೆಲವರು ಸೋಪು ಮೆತ್ತುತ್ತಾರೆ. ಅದು ನಿಲ್ಲಲ್ಲ. ಎಣ್ಣೆ ಖಾಲಿಯಾದರೆ ಗೇರಿನ ಹಲ್ಲು ಸವೆದು ಹಾಳಾಗುತ್ತೆ. ಆಮೇಲೆ ದೊಡ್ಡ ಖರ್ಚು.

ಲೇತ್ ಅಂಗಡಿಗೆ ಕಳಿಸಿ. ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಉಕ್ಕಿನ ಬುಷ್ ಕೂರಿಸ್ತಾರೆ. ಕೊರೆದ ಪುಡಿ ಒಳಗೆ ಉಳಿಯಬಾರದು. ತೊಳೆದಿರಾ ಅಂತ ಕೇಳಿ. ಹೊಸ ವಾಷರ್ ಹಾಕಿಸಿ.

ರಾತ್ರಿ ಬೈಕಿನ ಕೆಳಗೆ ಹಳೇ ಪೇಪರ್ ಹಾಸಿ. ಬೆಳಿಗ್ಗೆ ಕಲೆ ಇಲ್ಲದಿದ್ದರೆ ರಿಪೇರಿ ಸರಿಯಾಗಿದೆ.