ಯುದ್ಧದ ಆಟದಲ್ಲಿ ನಗಿಸುವವರು

ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಹೆಚ್ಚಿನವು ಯುದ್ಧದ ಕಥೆಗಳು. ಅವುಗಳ ಹೆಸರಿನಲ್ಲಿಯೇ ‘ಕಾಳಗ’ವೆಂಬ ಮಾತು ಎಷ್ಟು ಸಲ ಬರುತ್ತದೆಂಬುದನ್ನು ತಾವೇ ನೆನೆದು ನೋಡಬಹುದು. ಚೆಂಡೆ ಮೊಳಗುತ್ತದೆ, ಬಣ್ಣದ ವೇಷ ಅಬ್ಬರಿಸುತ್ತದೆ, ಕಿರೀಟವೇಷಗಳು ರಂಗವನ್ನು ತುಂಬುತ್ತವೆ. ಆದರೂ ಆಟ ಮುಗಿದು ಮನೆಗೆ ಮರಳುವಾಗ ಮಕ್ಕಳ ಬಾಯಲ್ಲಿ ಉಳಿಯುವುದು ಬಹುಮಟ್ಟಿಗೆ ಹಾಸ್ಯಗಾರನ ಮಾತು. ಯುದ್ಧದ ಕಥೆಯಲ್ಲಿ ಈ ನಗಿಸುವವನಿಗೆ ಏನು ಕೆಲಸ? ಆ ವಿಚಾರವನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಹಾಸ್ಯಗಾರನ ವೇಷಗಳು ಸಣ್ಣವು, ಆದರೆ ಮತ್ತೆ ಮತ್ತೆ ಬರುವಂಥವು. ಪ್ರಸಂಗ ಯಾವುದೇ ಇರಲಿ, ದೂತನೊಬ್ಬ ಇದ್ದೇ ಇರುತ್ತಾನೆ. ಅಂತಹ ಮೂವರನ್ನು ಆರಿಸಿ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ.

ಮೊದಲನೆಯವನು ದೇವಲೋಕದ ಬಾಗಿಲು ಕಾಯುವ ದೂತ. ರಾಕ್ಷಸನು ಸ್ವರ್ಗಕ್ಕೆ ಮುತ್ತಿಗೆ ಹಾಕಿದಾಗ ಮೊದಲ ಪೆಟ್ಟು ಬೀಳುವುದು ಇವನಿಗೆ. ಪೆಟ್ಟು ತಿಂದು ಓಡಿ ಬಂದು, ಏದುಸಿರು ಬಿಡುತ್ತ, ದೇವೇಂದ್ರನಿಗೆ ದೂರು ಹೇಳುತ್ತಾನೆ. ಅವನ ಮಾತು ತೊದಲುತ್ತದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗುತ್ತದೆ. ನಾವು ನಗುತ್ತೇವೆ. ಆದರೆ ಶತ್ರುವನ್ನು ಕಣ್ಣಾರೆ ಕಂಡು ಬಂದವನು ಆ ಸಭೆಯಲ್ಲಿ ಅವನೊಬ್ಬನೇ. ದೇವೇಂದ್ರನ ಪೌರುಷದ ಮಾತುಗಳೆಲ್ಲ ಇನ್ನೂ ಬಾಯಲ್ಲಿಯೇ ಇವೆ. ದೂತನ ಬೆನ್ನ ಮೇಲಾದರೋ ಬಾಸುಂಡೆ ಎದ್ದಿದೆ.

ಎರಡನೆಯವರು ಕುಂಭಕರ್ಣನನ್ನು ಎಬ್ಬಿಸಹೋಗುವ ಲಂಕೆಯ ಆಳುಗಳು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ ‘ಕುಂಭಕರ್ಣ ಕಾಳಗ’ವೂ ಒಂದು. ಆ ನಿದ್ದೆಯ ಕಥೆಯನ್ನು ವಾಲ್ಮೀಕಿಯೇ ನಗೆ ಬರುವಂತೆ ಹೇಳಿದ್ದಾನೆ. ಮಲಗಿದವನ ಉಸಿರಿನ ಗಾಳಿಗೆ ಆಳುಗಳು ನಿಲ್ಲಲಾರರು. ಅನ್ನದ ರಾಶಿ ಹಾಕುತ್ತಾರೆ, ಶಂಖ ಊದುತ್ತಾರೆ, ಭೇರಿ ಬಡಿಯುತ್ತಾರೆ. ಕೊನೆಗೆ ಮೈಮೇಲೆ ಆನೆಗಳನ್ನು ನಡೆಸುತ್ತಾರೆ. ಈ ಆಳುಗಳ ಸಂಕಟ ದೂತನ ಸಂಕಟಕ್ಕಿಂತ ಬೇರೆ. ಇವರು ಶತ್ರುವಿಗೆ ಹೆದರಿದವರಲ್ಲ, ಒಡೆಯನಿಗೆ ಹೆದರಿದವರು. ಎಬ್ಬಿಸಿದರೆ ಕುಂಭಕರ್ಣನ ಕೋಪ, ಎಬ್ಬಿಸದಿದ್ದರೆ ರಾವಣನ ಕೋಪ. ಯುದ್ಧ ಏಕೆಂದು ಇವರನ್ನು ಯಾರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಎತ್ತುವವನು ಎದ್ದು ಕುಳಿತ ಕುಂಭಕರ್ಣ. ಅಣ್ಣನಿಗೆ ಬುದ್ಧಿ ಹೇಳಿ, ಆಮೇಲೆ ಅಣ್ಣನಿಗಾಗಿಯೇ ಹೋಗಿ ಸಾಯುತ್ತಾನೆ.

ಮೂರನೆಯವನು ವಿರಾಟನ ಮಗ ಉತ್ತರಕುಮಾರ. ಈ ಪಾತ್ರವನ್ನು ಹಾಸ್ಯಗಾರರು ಮಾಡುವುದೂ ಉಂಟು, ಪುಂಡುವೇಷದವರು ಮಾಡುವುದೂ ಉಂಟು. ಅರಸನು ಸೈನ್ಯದೊಡನೆ ಸುಶರ್ಮನ ಮೇಲೆ ಹೋಗಿರುವಾಗ ಕೌರವರು ಇನ್ನೊಂದು ದಿಕ್ಕಿನಿಂದ ಗೋವುಗಳನ್ನು ಹಿಡಿಯುತ್ತಾರೆ. ಗೋವಳನು ಸುದ್ದಿ ತರುತ್ತಾನೆ. ಅಂತಃಪುರದ ಹೆಂಗಸರ ನಡುವೆ ಕುಳಿತ ಉತ್ತರನು, ಒಳ್ಳೆಯ ಸಾರಥಿಯೊಬ್ಬ ಸಿಕ್ಕಿದರೆ ಸಾಕು, ಗೆದ್ದು ಬಂದೇನೆಂದು ಜಂಬ ಕೊಚ್ಚುತ್ತಾನೆ. ಸಾರಥಿಯಾಗಿ ಬೃಹನ್ನಳೆ ಸಿಕ್ಕಿಯೇ ಬಿಡುತ್ತಾಳೆ. ಸೇನೆಯನ್ನು ಕಂಡೊಡನೆ ರಾಜಕುಮಾರನು ರಥದಿಂದ ಧುಮುಕಿ ಓಡುತ್ತಾನೆ; ಹಿಡಿದವನಿಗೆ ಹೊನ್ನು ಕೊಡುತ್ತೇನೆ, ಬಿಟ್ಟುಬಿಡು ಎಂದು ಅಂಗಲಾಚುತ್ತಾನೆ. ಕುಮಾರವ್ಯಾಸನಿಂದ ಹಿಡಿದು ಇಂದಿನ ಅರ್ಥಧಾರಿಗಳವರೆಗೆ ಎಲ್ಲರೂ ಈ ಸನ್ನಿವೇಶವನ್ನು ಸವಿದಿದ್ದಾರೆ.

ಆದರೆ ಉತ್ತರನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಓಡಿದವನು ಮರಳಿ ಬಂದು ರಥದ ಹಗ್ಗ ಹಿಡಿಯುತ್ತಾನೆ. ಬಾಣಗಳ ನಡುವೆ ಅರ್ಜುನನಿಗೆ ಸಾರಥಿಯಾಗುತ್ತಾನೆ. ಪಟ್ಟಣಕ್ಕೆ ಮರಳಿದಾಗ ತಂದೆ ಮಗನ ಗೆಲುವೆಂದು ಹಿಗ್ಗುತ್ತಿದ್ದರೆ, ಗೆದ್ದವನು ತಾನಲ್ಲವೆಂದು ತುಂಬಿದ ಸಭೆಯಲ್ಲಿ ಹೇಳುತ್ತಾನೆ. ಕಂಕನ ಮುಖದಲ್ಲಿ ರಕ್ತ ಕಂಡು, ಅವನಲ್ಲಿ ಕ್ಷಮೆ ಬೇಡೆಂದು ತಂದೆಗೇ ತಿಳಿಹೇಳುತ್ತಾನೆ. ಮುಂದೆ ಕುರುಕ್ಷೇತ್ರದಲ್ಲಿ, ಯುದ್ಧದ ಮೊದಲ ದಿನವೇ, ಶಲ್ಯನ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ನಾವು ಇಷ್ಟು ನಕ್ಕ ಹುಡುಗನು ಅಭಿಮನ್ಯುವಿಗಿಂತಲೂ ಮೊದಲು ಮಡಿದನೆಂಬುದು ಎಷ್ಟು ಜನರಿಗೆ ನೆನಪಿರುತ್ತದೆ?

ಪರದೇಶದವರೂ ಇಂತಹ ಪಾತ್ರವನ್ನು ಕಂಡುಕೊಂಡಿದ್ದಾರೆ. ಬಿ.ಬಿ.ಸಿ. ದೂರದರ್ಶನದಲ್ಲಿ 1968ರಿಂದ 1977ರವರೆಗೆ ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯಮಾಲೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಊರು ಕಾಯಲು ನಿಂತ ಮುದುಕರ ದಳವೊಂದರ ಕಥೆ ಅದು. ಅದರಲ್ಲಿ ಜೋನ್ಸ್ ಎಂಬ ಕಸಾಯಿ ನಮ್ಮ ಬಾಗಿಲ ದೂತನಂತೆ. ಗಾಬರಿಪಡಬೇಡಿರೆಂದು ಕೂಗುತ್ತ ಎಲ್ಲರಿಗಿಂತ ಹೆಚ್ಚು ಗಾಬರಿಪಡುವವನು. ಗಾಡ್‌ಫ್ರೀ ಎಂಬ ಮೆದು ಸ್ವಭಾವದ ಮುದುಕನೂ ಇದ್ದಾನೆ. ಹಿಂದಿನ ಯುದ್ಧದಲ್ಲಿ ಅವನು ಆಯುಧ ಹಿಡಿಯಲೊಲ್ಲೆನೆಂದವನೆಂದು ತಿಳಿದು ಜೊತೆಯವರು ಅವನನ್ನು ದೂರ ಇಡುತ್ತಾರೆ. ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಹೊತ್ತು ತಂದು ಪದಕ ಪಡೆದವನೂ ಅವನೇ ಎಂಬುದು ಅವರಿಗೆ ಆಮೇಲೆ ಗೊತ್ತಾಗುತ್ತದೆ. ಆ ಪಾತ್ರ ಮಾಡಿದ ಆರ್ನಾಲ್ಡ್ ರಿಡ್ಲಿ ಮೊದಲನೆಯ ಮಹಾಯುದ್ಧದಲ್ಲಿ ನಿಜವಾಗಿಯೂ ಗಾಯಗೊಂಡವರು.

ಈಗ ಮೂವರನ್ನೂ ತೂಗಿ ನೋಡಿದರೆ, ದೂತನು ಹೆದರಿದ್ದೇನೆಂದು ಹೇಳಿಬಿಡುತ್ತಾನೆ, ಆಳುಗಳು ಹೆದರಿಯೂ ಹೇಳಲಾರರು, ಉತ್ತರನು ಹೆದರಿ ಓಡಿ ಮರಳಿ ಬರುತ್ತಾನೆ. ನಾಯಕನ ಬಾಯಿಂದ ಬರಲಾರದ ಭಯದ ಮಾತನ್ನು ಈ ಸಣ್ಣವರು ಆಡುತ್ತಾರೆ. ನನ್ನ ಮಟ್ಟಿಗೆ ಉತ್ತರನೇ ದೊಡ್ಡವನು. ಆದರೆ ದೂತನಿಲ್ಲದಿದ್ದರೆ ಯುದ್ಧವೆಂದರೆ ಪೆಟ್ಟು ಎಂಬುದೇ ನಮಗೆ ಮರೆತುಹೋದೀತು.

ಈ ಮಾತನ್ನು ಇಂದು ಹೇಳಲು ಕಾರಣವಿದೆ. ಈಗ ಕಾಲಮಿತಿಯ ಆಟಗಳು ಬಂದಿವೆ. ಬೆಳಗಿನವರೆಗೆ ನಡೆಯುತ್ತಿದ್ದುದನ್ನು ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಮರುದಿನ ಕಚೇರಿಗೆ ಹೋಗಬೇಕಾದ ಪೇಟೆಯವರಿಗೆ ಇದು ಅನುಕೂಲವೇ. ನಾನೂ ಅಂಥವರಲ್ಲಿ ಒಬ್ಬ. ಆದರೆ ಕತ್ತರಿ ಹಾಕುವಾಗ ಸಣ್ಣ ಪಾತ್ರಗಳೇ ಸುಲಭವಾಗಿ ಸಿಗುತ್ತವೆ. ಇಲ್ಲವೇ ದೂತನ ದೂರಿನ ಬದಲು ಕಥೆಗೆ ಸಂಬಂಧವಿಲ್ಲದ ಚಟಾಕಿಗಳು ಬರುತ್ತವೆ. ಚಪ್ಪಾಳೆಯೇನೋ ಬೀಳುತ್ತದೆ, ಬಾಸುಂಡೆ ಮಾಯವಾಗುತ್ತದೆ. ಆ ಚಪ್ಪಾಳೆ ನಮ್ಮದೇ ಆದ್ದರಿಂದ ತಪ್ಪಿನಲ್ಲಿ ನಮಗೂ ಪಾಲಿದೆ.

ಮುಂದಿನ ಸಲ ಕದ್ರಿಯಲ್ಲಿಯೋ ಪುರಭವನದಲ್ಲಿಯೋ ಆಟ ನೋಡಲು ಹೋದಾಗ, ಅಥವಾ ನಮ್ಮ ಆಕಾಶವಾಣಿಯಲ್ಲಿ ತಾಳಮದ್ದಳೆ ಕೇಳುವಾಗ, ದೂತನ ಮಾತಿಗೆ ಸ್ವಲ್ಪ ಕಿವಿಗೊಡಿ. ನಗು ಬಂದರೆ ಧಾರಾಳವಾಗಿ ನಗಿ. ನಕ್ಕ ಮೇಲೆ, ಅವನಿಗೆ ಬಿದ್ದ ಪೆಟ್ಟನ್ನೂ ಒಮ್ಮೆ ನೆನೆಯಿರಿ.