ಸಂಶಯ ಬೇರೆ, ಸಾಕ್ಷ್ಯ ಬೇರೆ



ಹೆಣ್ಣೊಬ್ಬಳ ಕೊಲೆಯಾದರೆ ಪೊಲೀಸರು ಮೊದಲು ವಿಚಾರಿಸುವುದು ಗಂಡನನ್ನು, ಇಲ್ಲವೇ ವಿಚ್ಛೇದಿತ ಗಂಡನನ್ನು. ಈ ಸಂಶಯ ಅಕಾರಣವಲ್ಲ. ಆದರೆ ಸಂಶಯ ಸಾಕ್ಷ್ಯವಾಗಬೇಕಾದರೆ ಬಹುದೂರ ಸಾಗಬೇಕು. ಅಮೆರಿಕದ ಓ.ಜೆ. ಸಿಂಪ್ಸನ್ ಪ್ರಕರಣ ಇದಕ್ಕೆ ನಿದರ್ಶನ.

1994ರ ಜೂನ್ 12ರ ರಾತ್ರಿ. ಲಾಸ್ ಏಂಜಲೀಸಿನ ಬ್ರೆಂಟ್‌ವುಡ್ ಬಡಾವಣೆಯಲ್ಲಿ ನಿಕೋಲ್ ಬ್ರೌನ್ ಸಿಂಪ್ಸನ್ ಮತ್ತು ಅವರ ಗೆಳೆಯ ರಾನ್ ಗೋಲ್ಡ್‌ಮನ್ ಇರಿತಕ್ಕೆ ಬಲಿಯಾದರು. ನಿಕೋಲ್ ಅವರ ತಾಯಿ ಹೋಟೆಲಿನಲ್ಲಿ ಬಿಟ್ಟುಬಂದಿದ್ದ ಕನ್ನಡಕವನ್ನು ತಲುಪಿಸಲು ಗೋಲ್ಡ್‌ಮನ್ ಅಲ್ಲಿಗೆ ಬಂದಿದ್ದರು. ಫುಟ್‌ಬಾಲ್ ತಾರೆ ಸಿಂಪ್ಸನ್‌ಗೂ ನಿಕೋಲ್‌ಗೂ 1992ರಲ್ಲೇ ವಿಚ್ಛೇದನವಾಗಿತ್ತು.

ಕೊಲೆಯ ಸ್ಥಳದಲ್ಲಿ ಎಡಗೈಯ ಕೈಗವಸು ಸಿಕ್ಕಿತು. ಬಲಗೈಯದು ಸಿಂಪ್ಸನ್ ಮನೆಯ ಆವರಣದಲ್ಲಿ. ಸ್ಥಳದಲ್ಲಿದ್ದ ರಕ್ತದ ಹನಿಗಳು ಡಿಎನ್‌ಎ ಪರೀಕ್ಷೆಯಲ್ಲಿ ಸಿಂಪ್ಸನ್ ರಕ್ತಕ್ಕೆ ಹೊಂದಿದವು. ಇಷ್ಟಿದ್ದೂ ಮೊಕದ್ದಮೆ ಸಡಿಲವಾಯಿತು. ಆರೋಪಿಯ ರಕ್ತದ ಮಾದರಿಯನ್ನು ಪತ್ತೇದಾರರೊಬ್ಬರು ನೇರವಾಗಿ ಕಚೇರಿಯಲ್ಲಿ ಒಪ್ಪಿಸದೆ ಆರೋಪಿಯ ಮನೆಗೇ ಕೊಂಡೊಯ್ದಿದ್ದರು. ಹಿಂಬಾಗಿಲ ಗೇಟಿನ ರಕ್ತವನ್ನು ಸಂಗ್ರಹಿಸಿದ್ದು ಮೂರು ವಾರಗಳ ನಂತರ. ಬಲಗೈಯ ಕೈಗವಸನ್ನು ಕಂಡುಹಿಡಿದ ಅಧಿಕಾರಿಯ ಜನಾಂಗದ್ವೇಷದ ಮಾತುಗಳು ಧ್ವನಿಸುರುಳಿಯಲ್ಲಿ ಬಯಲಾದವು. ಅದೇ ನಗರದಲ್ಲಿ 1991ರಲ್ಲಿ ರಾಡ್ನಿ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಪೊಲೀಸರು ಥಳಿಸಿದ್ದನ್ನು ಜನ ಮರೆತಿರಲಿಲ್ಲ. ಪೊಲೀಸರ ಮಾತನ್ನು ನಂಬುವುದು ಹೇಗೆ ಎಂಬುದೇ ವಕೀಲರ ವಾದವಾಯಿತು.

1995ರ ಅಕ್ಟೋಬರ್ 3ರಂದು ಸಿಂಪ್ಸನ್ ಖುಲಾಸೆಯಾದರು. ಜ್ಯೂರಿ ಚರ್ಚಿಸಿದ್ದು ನಾಲ್ಕು ಗಂಟೆಗೂ ಕಡಿಮೆ. ಆದರೆ 1997ರಲ್ಲಿ ಸಿವಿಲ್ ನ್ಯಾಯಾಲಯದ ಜ್ಯೂರಿ ಸಾವುಗಳಿಗೆ ಅವರೇ ಹೊಣೆಯೆಂದು ಹೇಳಿತು. ತೆರಬೇಕಾದ ಪರಿಹಾರ 3.35 ಕೋಟಿ ಡಾಲರ್. ಇದು ವಿಚಿತ್ರವೆನಿಸಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಮಂಜಸ ಸಂದೇಹಕ್ಕೆ ಎಡೆಯಿರಬಾರದು. ಸಿವಿಲ್ ದಾವೆಯಲ್ಲಿ ಯಾವ ಕಡೆಯ ಸಾಕ್ಷ್ಯ ಹೆಚ್ಚು ತೂಗುತ್ತದೆ ಎಂಬುದಷ್ಟೇ ಮುಖ್ಯ. ಎರಡನೆಯ ವಿಚಾರಣೆಗೆ ಹೊಸ ಛಾಯಾಚಿತ್ರಗಳೂ ಬಂದಿದ್ದವು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1989ರಲ್ಲೇ ನಿಕೋಲ್ ಮೇಲಿನ ಹಲ್ಲೆಗಾಗಿ ಸಿಂಪ್ಸನ್‌ಗೆ ಶಿಕ್ಷೆಯಾಗಿತ್ತು. ಆದರೆ ಅದು ದಂಡ ಮತ್ತು ಸಮಾಜಸೇವೆಗಷ್ಟೇ ಮುಗಿಯಿತು. 1993ರಲ್ಲಿ ಭಯಗೊಂಡ ನಿಕೋಲ್ ಪೊಲೀಸರಿಗೆ ಮಾಡಿದ ದೂರವಾಣಿ ಕರೆಯೂ ದಾಖಲಾಗಿತ್ತು. ಕೊಲೆಗಾರ ಯಾರೇ ಇರಲಿ, ಆಕೆಯ ಮೊರೆ ಕೇಳಿಸಬೇಕಾಗಿದ್ದುದು ಆಕೆ ಬದುಕಿದ್ದಾಗ.

ಸಿಂಪ್ಸನ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಈ ಕೊಲೆಗಳಿಗಾಗಿ ಬೇರೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ತನಿಖೆಯಲ್ಲಿ ಅಲಕ್ಷ್ಯವಾದರೆ ಆರೋಪಿಗೂ ಅನ್ಯಾಯ, ಸತ್ತವರಿಗೂ ಅನ್ಯಾಯ.