ಕಾರಿನ ಮೇಲಿನ ಹೆಸರು, ಕಡತದೊಳಗಿನ ಹಣ



2018ರ ಅಕ್ಟೋಬರಿನಲ್ಲಿ ಹಾಸ್ ಎಂಬ ಫಾರ್ಮುಲಾ ಒನ್ ತಂಡ ತನ್ನ ಮುಖ್ಯ ಪ್ರಾಯೋಜಕರ ಹೆಸರನ್ನು ಪ್ರಕಟಿಸಿತು. ಅದು ಇಂಗ್ಲೆಂಡಿನ ರಿಚ್ ಎನರ್ಜಿ ಎಂಬ ಪಾನೀಯ ಕಂಪನಿ. ಹೆಸರು ಕಾರಿನ ಮೈತುಂಬ ಬಂತು, ಅಂಗಡಿಯಲ್ಲಿ ಮಾತ್ರ ಅದರ ಡಬ್ಬಿ ಕಾಣುವುದು ಅಪರೂಪವಾಗಿತ್ತು. ಮರುವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಆ ಕಂಪನಿಯ ಲಾಂಛನವು ವೈಟ್ ಬೈಕ್ಸ್ ಎಂಬ ಸೈಕಲ್ ತಯಾರಕರ ಲಾಂಛನದ ನಕಲು ಎಂದು ತೀರ್ಪು ಕೊಟ್ಟಿತು. ಒಂಬತ್ತು ಕೋಟಿ ಡಬ್ಬಿ ತಯಾರಾಗಿವೆ ಎಂದು ಪತ್ರಿಕೆಗಳಿಗೆ ಹೇಳಿದ್ದ ಕಂಪನಿ, ತಯಾರಾದದ್ದು ಬರಿ ಡಬ್ಬಿ, ತುಂಬಿ ಮಾರಿದ್ದಲ್ಲ ಎಂದು ಅದೇ ಮೊಕದ್ದಮೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಸೆಪ್ಟೆಂಬರಿಗೆ ಒಪ್ಪಂದ ಮುರಿದುಬಿತ್ತು. ಮೊದಲ ದಿನದಿಂದಲೇ ಅನುಮಾನ ಪಟ್ಟವರ ಮಾತು ನಿಜವಾಯಿತು. ಆದರೆ ಅವರಲ್ಲಿ ಹಲವರು ಕೊಟ್ಟ ಕಾರಣ ದುರ್ಬಲವಾದದ್ದು. 'ಈ ಹೆಸರನ್ನು ಯಾರೂ ಕೇಳಿಲ್ಲ' ಎಂಬುದೇ ಅವರ ವಾದ. 1987ರಲ್ಲಿ ಆಸ್ಟ್ರಿಯಾದಲ್ಲಿ ಮಾರುಕಟ್ಟೆಗೆ ಬಂದಾಗ ರೆಡ್ ಬುಲ್ ಹೆಸರನ್ನೂ ಯಾರೂ ಕೇಳಿರಲಿಲ್ಲ. ಅದು 1995ರಲ್ಲಿ ಸೌಬರ್ ತಂಡದ ಪ್ರಾಯೋಜಕನಾಯಿತು, 2004ರಲ್ಲಿ ಜಾಗ್ವಾರ್ ತಂಡವನ್ನೇ ಕೊಂಡಿತು. ಅಷ್ಟು ಹೊತ್ತಿಗೆ ಡಬ್ಬಿ ಮಾರಿ ಬಂದ ಹಣ ಅದರ ಕೈಯಲ್ಲಿತ್ತು. ಅಪರಿಚಿತವಾಗಿರುವುದು ತಪ್ಪಲ್ಲ.

ಪರಿಚಿತವಾಗಿರುವುದು ಭರವಸೆಯೂ ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಯುಬಿ ಸಮೂಹದ ವಿಜಯ ಮಲ್ಯ 2007ರಲ್ಲಿ ಡಚ್ ಪಾಲುದಾರರ ಜೊತೆ ಸೇರಿ ಸ್ಪೈಕರ್ ಎಂಬ ಫಾರ್ಮುಲಾ ಒನ್ ತಂಡವನ್ನು ಕೊಂಡರು. 2008ರಿಂದ ಅದು ಫೋರ್ಸ್ ಇಂಡಿಯಾ. ಮರುವರ್ಷ ಬೆಲ್ಜಿಯಂನಲ್ಲಿ ಅದರ ಚಾಲಕ ಫಿಸಿಕೆಲ್ಲಾ ಮೊದಲ ಸಾಲಿನಿಂದ ಹೊರಟು ಎರಡನೆಯವರಾಗಿ ಗುರಿ ಮುಟ್ಟಿದಾಗ ಭಾರತದ ಹೆಸರು ಹೊತ್ತ ತಂಡಕ್ಕೆ ದೊರೆತ ಗೌರವ ನಿಜವಾದದ್ದು, ಅದನ್ನು ಯಾರೂ ಕಡಿಮೆ ಮಾಡಬೇಕಿಲ್ಲ. ಕಾರಿನ ಮೇಲೆ ಯುಬಿಯ ಬಿಯರಾದ ಕಿಂಗ್‌ಫಿಷರ್ ಹೆಸರಿತ್ತು. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿರುವ ದೇಶದಲ್ಲಿ ನೀರಿನ ಬಾಟಲಿ, ವಿಮಾನ, ರೇಸ್ ಕಾರು ಎಲ್ಲವೂ ಆ ಹೆಸರನ್ನು ಮನೆಮನೆಗೆ ಒಯ್ದವು. 2005ರಲ್ಲಿ ಹಾರಲು ಶುರುಮಾಡಿದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು, ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿಮಾನ ಕಂಪನಿ ಸಾಲಕ್ಕೆ ಒತ್ತೆ ಇಟ್ಟದ್ದರಲ್ಲಿ ಅದರ ಹೆಸರು, ಲಾಂಛನಗಳೂ ಇದ್ದವು. ಒಂದು ಕಾಲಕ್ಕೆ ಅವುಗಳ ಬೆಲೆ 4,000 ಕೋಟಿ ರೂಪಾಯಿಗೂ ಹೆಚ್ಚು ಎಂದು ಲೆಕ್ಕ ಹಾಕಲಾಗಿತ್ತು. 2016ರ ಏಪ್ರಿಲಿನಲ್ಲಿ ಬ್ಯಾಂಕುಗಳು ಸುಮಾರು 367 ಕೋಟಿಯ ಮೂಲಬೆಲೆಗೆ ಅವನ್ನು ಹರಾಜಿಗಿಟ್ಟವು. ಒಬ್ಬರೂ ಸವಾಲು ಕೂಗಲಿಲ್ಲ. ಅದೇ ಹೆಸರಿನ ಬಿಯರು ಆಗಲೂ ಮಾರಾಟವಾಗುತ್ತಿತ್ತು, ಈಗಲೂ ಆಗುತ್ತಿದೆ. ಒಂದೇ ಹೆಸರಿನ ಕೆಳಗೆ ಗಟ್ಟಿಯಾದ ವ್ಯಾಪಾರವೂ ಇತ್ತು, ಮುಳುಗುತ್ತಿದ್ದ ವ್ಯಾಪಾರವೂ ಇತ್ತು. ಕಾರನ್ನು ನೋಡಿದವರಿಗೆ ಕಂಡದ್ದು ಹೆಸರೊಂದೇ.

ಹೆಸರಿನ ಹಿಂದಿನ ಹಣವನ್ನೂ ನೋಡಬೇಕು ಎಂಬ ಮಾತಿಗೆ ಎರಡು ಆಕ್ಷೇಪಗಳು ಬರುತ್ತವೆ. ವ್ಯಾಪಾರ ಸೋಲುವುದು ಮೋಸವಲ್ಲ ಎಂಬುದು ಮೊದಲನೆಯದು. ಒಪ್ಪುವ ಮಾತೇ. ವಿಮಾನ ಕಂಪನಿಯ ಸಾಲದ ಹಣ ರೇಸ್ ತಂಡಕ್ಕೂ ಹೋಗಿದೆ ಎಂಬುದು ತನಿಖಾ ಸಂಸ್ಥೆಗಳ ಆರೋಪ. ಮಲ್ಯ ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆದಿದ್ದಾರೆ. ಅದನ್ನು ತೀರ್ಮಾನಿಸುವ ಹೊಣೆ ನ್ಯಾಯಾಲಯದ್ದು. ನನ್ನ ವಾದಕ್ಕೆ ಆ ತೀರ್ಪು ಬೇಕಿಲ್ಲ. ಹಣ ಎಲ್ಲಿಂದ ಬರುತ್ತಿದೆ ಎಂದು ಸೋಲಿಗೆ ಮುಂಚೆ ಕೇಳುವುದು ಯಾರನ್ನೂ ಕಳ್ಳನೆಂದು ಕರೆದಂತಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಪ್ರಾಯೋಜಕತ್ವವೆಂಬುದು ಇಬ್ಬರು ಶ್ರೀಮಂತರ ಖಾಸಗಿ ಒಪ್ಪಂದ, ಜನರಿಗೇನು ನಷ್ಟ? 2018ರ ಜುಲೈಯಲ್ಲಿ ಫೋರ್ಸ್ ಇಂಡಿಯಾ ದಿವಾಳಿ ಆಡಳಿತಗಾರರ ಕೈಗೆ ಹೋಯಿತು. ಅದಕ್ಕಾಗಿ ನ್ಯಾಯಾಲಯಕ್ಕೆ ಹೋದವರು ತಂಡದ ಚಾಲಕ ಸೆರ್ಜಿಯೊ ಪೆರೆಸ್ ಅವರೇ. ಅವರಿಗೇ ತಂಡದಿಂದ ಹಣ ಬರಬೇಕಿತ್ತು. ಆಗ ಅಲ್ಲಿ ದುಡಿಯುತ್ತಿದ್ದವರು ನಾನೂರಕ್ಕೂ ಹೆಚ್ಚು ಜನ. ಇತ್ತ ವಿಮಾನ ಕಂಪನಿಗೆ ಸಾಲ ಕೊಟ್ಟವರಲ್ಲಿ ಹೆಚ್ಚಿನವು ಸರ್ಕಾರಿ ಬ್ಯಾಂಕುಗಳು, ಅಲ್ಲಿರುವುದು ರೈತರ, ಮಾಸ್ತರರ ಠೇವಣಿ. ಇದನ್ನು ಖಾಸಗಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ನೆಲಕ್ಕೆ ಬೇರೆಯೇ ಒಂದು ರೂಢಿ ಗೊತ್ತಿತ್ತು. ಯಲಬುರ್ಗಾ ಹತ್ತಿರದ ಇಟಗಿಯಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ದೇವಾಲಯ ಕಟ್ಟಿಸಿದ. ಹೆಸರಿನ ಆಸೆ ಅವನಿಗೂ ಇತ್ತು, ಶಾಸನದಲ್ಲಿ ಹೊಗಳಿಕೆ ಧಾರಾಳವಾಗಿದೆ. ಆದರೆ ಆ ಕಾಲದ ದಾನಶಾಸನ ಹೊಗಳಿಕೆಗೆ ನಿಲ್ಲುವುದಿಲ್ಲ. ಕೊಟ್ಟವರು ಯಾರು, ಯಾವ ಭೂಮಿ, ಅದರ ಎಲ್ಲೆ ಯಾವುದು, ಉತ್ಪನ್ನ ಯಾವ ಸೇವೆಗೆ ಎಂಬುದನ್ನೂ ಕಲ್ಲಿನಲ್ಲಿ ದಾಖಲಿಸುತ್ತದೆ. ಓದಬಲ್ಲ ಯಾರಾದರೂ ಹೊಲಕ್ಕೆ ಹೋಗಿ ಎಲ್ಲೆ ನೋಡಿ ಬರಬಹುದಿತ್ತು. ಇಂದಿನ ಪ್ರಾಯೋಜಕತ್ವದಲ್ಲಿ ಹೊಗಳಿಕೆಯ ಭಾಗ ಉಳಿದಿದೆ, ಎಲ್ಲೆಯ ಭಾಗ ಕಡತದೊಳಗೆ ಸೇರಿಕೊಂಡಿದೆ.

ಆ ಕಡತ ಪೂರ್ತಿ ಮುಚ್ಚಿಲ್ಲ ಎಂಬುದೇ ನನಗೆ ಧೈರ್ಯ ಕೊಡುವ ವಿಷಯ. ಲಂಡನ್ನಿನಲ್ಲಿ ಸತ್ಯ ಹೊರಬಂದದ್ದು ಒಬ್ಬ ಸೈಕಲ್ ತಯಾರಕ ದಾಖಲೆ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ. ನಮ್ಮಲ್ಲೂ ಹಾಗೆಯೇ ದಾಖಲೆ ನೋಡಬಹುದು. ಕೊಪ್ಪಳ, ಕುಷ್ಟಗಿ, ಗಂಗಾವತಿಯ ಕಬಡ್ಡಿ ಪಂದ್ಯಕ್ಕೋ ಜಾತ್ರೆಯ ಕುಸ್ತಿಗೋ ಹೊಸ ಸೋಡಾ, ಹೊಸ ನೀರಿನ ಕಂಪನಿ ಬ್ಯಾನರು ಹಿಡಿದು ಬಂದರೆ ಸಂಘಟಕರು ಮೊದಲು ಬಾಟಲಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ಸಂಖ್ಯೆ ಹುಡುಕಲಿ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಆ ಕಂಪನಿ ನೋಂದಣಿಯಾಗಿದೆಯೇ, ನಿರ್ದೇಶಕರು ಯಾರು, ಲೆಕ್ಕಪತ್ರ ಸಲ್ಲಿಸಿದೆಯೇ ಎಂದು ನೋಡಲಿ. ಚೆಕ್ಕು ಪಾಸಾದ ಮೇಲೆ ಬ್ಯಾನರು ಕಟ್ಟಲಿ.